ಹೊಸ್ತಿಲಾಚೆಯ ಮಡಕೆ

ನಮ್ಮ ಊರಿನ ಭೂಕಂಪದ ಬಗ್ಗೆ ಬಂದ ವರದಿಗಳನ್ನು ನಾನು ಆಗ ಒಂದೂ ಬಿಡದೆ ಓದಿದೆ. ಎಲ್ಲದರ ಕೊನೆಯಲ್ಲೂ ಅದೇ ಮಾತು, ಅದೃಷ್ಟಕ್ಕೆ ಪ್ರಾಣಹಾನಿ ಆಗಿಲ್ಲ ಎಂದು. ಆ ಮಾತು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಬರೆದವರದೇನೂ ತಪ್ಪಿಲ್ಲ, ನಿಜವಾಗಿಯೂ ಯಾರೂ ಸತ್ತಿರಲಿಲ್ಲ. ನನ್ನ ಹೆಂಡತಿ ತೀರಿಕೊಂಡದ್ದು ಅದಕ್ಕಿಂತ ಮೊದಲು, ಅದೇ 2020ರ ಏಪ್ರಿಲ್‌ನಲ್ಲಿ. ಆದರೂ ಆ ಆಗಸ್ಟ್‌ನಲ್ಲಿ ನಾನು ಅವಳನ್ನು ಎರಡನೆಯ ಸಲ ಕಳೆದುಕೊಂಡೆ. ಅದನ್ನು ಯಾವ ವರದಿಯಲ್ಲಿ ಸೇರಿಸುವುದು?

ಊರಿನ ಹೆಸರು ಸ್ಪಾರ್ಟಾ. ನಾರ್ತ್ ಕ್ಯಾರೊಲೈನಾದ ಬೆಟ್ಟಗಳ ಮೇಲೆ, ವರ್ಜೀನಿಯಾದ ಗಡಿಗೆ ಅಂಟಿಕೊಂಡಂತಿರುವ ಪುಟ್ಟ ಊರು. ಕ್ರಿಸ್‌ಮಸ್ ಮರಗಳ ತೋಟ, ದನ, ಚರ್ಚು, ಇಷ್ಟೇ. ಮೈಸೂರಿನವರಾದ ನಾವು ಅಲ್ಲಿಗೆ ಬಂದು ಬಿದ್ದದ್ದು ಅವಳ ವೀಸಾದ ದೆಸೆಯಿಂದ. ಹೊರದೇಶದ ಡಾಕ್ಟರುಗಳು ಈ ದೇಶದಲ್ಲಿ ಉಳಿಯಬೇಕಾದರೆ, ಇಲ್ಲಿನ ಡಾಕ್ಟರುಗಳು ಹೋಗಲೊಪ್ಪದ ಊರಿನಲ್ಲಿ ಕೆಲವು ವರ್ಷ ದುಡಿಯಬೇಕೆಂಬ ಕಟ್ಟಳೆಯೊಂದಿದೆ. ನನ್ನದು ಸಾಫ್ಟ್‌ವೇರ್ ಕೆಲಸ, ಮನೆಯಿಂದಲೇ ನಡೆಯುತ್ತಿತ್ತು. ಭಾರತೀಯರು ತುಂಬಿರುವ ದೂರದ ಮಾರಿಸ್‌ವಿಲ್ ಊರಿನ ಸ್ನೇಹಿತರು ನಮ್ಮದನ್ನು ವನವಾಸ ಎಂದೇ ಕರೆಯುತ್ತಿದ್ದರು. "ಕೊತ್ತಂಬರಿ ಸೊಪ್ಪಿಗೋಸ್ಕರ ಮೂರ್ ಗಂಟೆ ಡ್ರೈವ್ ಮಾಡೋ ಕನ್ನಡಿಗ ನೀನೊಬ್ನೇ ಕಣೋ," ಎಂದು ರೇಗಿಸುತ್ತಿದ್ದರು.

ಕಟ್ಟಳೆಯ ವರ್ಷಗಳು ಮುಗಿದ ಮೇಲೂ ಅವಳು ಊರು ಬಿಡಲಿಲ್ಲ. ಅಲ್ಲಿನ ಮುದುಕರಿಗೆ ಅವಳೆಂದರೆ ಪ್ರಾಣ. ಬಿ.ಪಿ. ತೋರಿಸಲು ಬಂದವರು ಟೊಮೆಟೊ ತಂದುಕೊಡುತ್ತಿದ್ದರು, ಜೇನು ತಂದುಕೊಡುತ್ತಿದ್ದರು. ಒಬ್ಬಾತ ಜೀವಂತ ಕೋಳಿಯನ್ನೇ ತಂದ. ನಾವು ತಿನ್ನುವವರಲ್ಲ, ಅವನ ಪ್ರೀತಿಯನ್ನು ವಾಪಸ್ ಕೊಡುವ ಹಾಗೂ ಇಲ್ಲ. ಆ ಕೋಳಿ ನಮ್ಮ ಹಿತ್ತಲಲ್ಲಿ ರಾಣಿಯ ಹಾಗೆ ಬಾಳಿ ಮುಪ್ಪಾಗಿ ಸತ್ತಿತು.

ಜನವರಿಯಲ್ಲಿ ಹೊಟ್ಟೆನೋವು ಎಂದವಳು ಏಪ್ರಿಲ್‌ಗೆ ಇರಲಿಲ್ಲ. ಕ್ಯಾನ್ಸರ್. ಡಾಕ್ಟರಾದ ಅವಳಿಗೆ ಮೊದಲ ಸ್ಕ್ಯಾನ್ ನೋಡಿದಾಗಲೇ ಗೊತ್ತಾಗಿತ್ತು, ಹೇಳಲಿಲ್ಲ. ಲೋಕವೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲ. ಮೈಸೂರಿನಿಂದ ಅವಳ ಅಮ್ಮ ಬರುವ ಹಾಗಿರಲಿಲ್ಲ, ಮಾರಿಸ್‌ವಿಲ್‌ನವರೇ ಬರಲು ಹೆದರುತ್ತಿದ್ದರು. ದಹನಕ್ಕೆ ನಾನು, ಒಂಬತ್ತು ವರ್ಷದ ಮಗಳು, ಮಾಸ್ಕ್ ಹಾಕಿಕೊಂಡ ಇಬ್ಬರು ನರ್ಸುಗಳು. ಕರ್ಮಗಳನ್ನೆಲ್ಲ ಪುರೋಹಿತರು ಮಾರಿಸ್‌ವಿಲ್‌ನಲ್ಲಿ ಕೂತು ಫೋನಿನಲ್ಲೇ ಮಾಡಿಸಿದರು. ನಡುನಡುವೆ ಸಿಗ್ನಲ್ ಹೋಗುತ್ತಿತ್ತು, ಮಂತ್ರ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಎಳ್ಳು ನೀರು ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದೆ.

ಅತ್ತೆ ಮೈಸೂರಿನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅಳುವುದಕ್ಕೂ ಒಂದು ಶಿಸ್ತು ಇರಬೇಕೆನ್ನುವ ಹೆಂಗಸು. ವಿಡಿಯೋ ಕಾಲ್‌ನಲ್ಲಿ ಮಗಳ ಮುಖ ತೋರಿಸುತ್ತೇನೆಂದರೆ ಬೇಡವೆಂದರು. ಗಾಜಿನೊಳಗೆ ನೋಡಲಾರೆ ಎಂದರು. ಎಲ್ಲ ಮುಗಿದ ಮೇಲೆ ಅವರೇ ಫೋನ್ ಮಾಡಿದರು.

"ಮುಖ ನೋಡಕ್ಕಂತೂ ಆಗ್ಲಿಲ್ಲ. ಬೂದಿನಾದ್ರೂ ತನ್ನಿ. ಒಂದ್ಸಲ ಮಡಿಲಲ್ಲಿ ಇಟ್ಕೊಂಡು ಆಮೇಲೆ ಪಶ್ಚಿಮವಾಹಿನೀಲಿ ಬಿಡೋಣ. ನನಗೆ ಇನ್ನೇನೂ ಬೇಡ."

ತರುತ್ತೇನೆಂದು ಮಾತು ಕೊಟ್ಟೆ. ಆದರೆ ಹೋಗುವುದು ಹೇಗೆ? ವಿಮಾನಗಳು ನಿಂತಿದ್ದವು. ಹೇಗೋ ಹೋದರೂ ವಾಪಸ್ ಬರಲು ವೀಸಾ ಸ್ಟ್ಯಾಂಪಿಂಗ್ ಇಲ್ಲ, ಮಗಳ ಶಾಲೆ ಇಲ್ಲಿ, ಕೆಲಸ ಇಲ್ಲಿ. ಕಾಯಬೇಕಿತ್ತು. ಕಾಯುವಷ್ಟು ದಿನ ಅವಳನ್ನು ಎಲ್ಲಿಡುವುದು ಎಂಬುದೇ ಪ್ರಶ್ನೆಯಾಯಿತು.

"ಮನೆ ಒಳಗೆ ಮಾತ್ರ ತರ್ಬೇಡಿ," ಎಂದರು ಅತ್ತೆ. "ಅಸ್ಥಿ ಹೊಸ್ತಿಲು ದಾಟಬಾರದು. ನಮ್ಮ ಕಡೆ ಮರಕ್ಕೆ ಕಟ್ತಿದ್ರು. ಮಗು ಇರೋ ಮನೆ ಅದು. ಹೊರಗೇ ಎಲ್ಲಾದ್ರೂ ಇಡಿ."

ದಹನದವರು ಕೊಟ್ಟಿದ್ದು ಕಪ್ಪು ಪ್ಲಾಸ್ಟಿಕ್ ಡಬ್ಬಿ, ಮೇಲಿನಿಂದ ಎಸೆದರೂ ಒಡೆಯದಂಥದ್ದು. ಪ್ಲಾಸ್ಟಿಕ್ ಕೂಡದು, ಮಣ್ಣಿನದೋ ತಾಮ್ರದ್ದೋ ಆಗಬೇಕೆಂದರು ಪುರೋಹಿತರು. ಸ್ನೇಹಿತನೊಬ್ಬ ಮಾರಿಸ್‌ವಿಲ್‌ನ ಇಂಡಿಯನ್ ಸ್ಟೋರಿನಿಂದ ಅಡುಗೆಯ ಮಣ್ಣಿನ ಮಡಕೆಯೊಂದನ್ನು ತಂದು, ನಮ್ಮ ಗೇಟಿನ ಬಳಿ ಇಟ್ಟು, ದೂರದಿಂದಲೇ ಕೈಮುಗಿದು ಹೋದ. ನಾನು ಅವಳನ್ನು ಅದಕ್ಕೆ ಸುರಿದೆ. ಬಾಯಿಗೆ ನನ್ನ ಪಂಚೆಯ ತುಂಡು ಕಟ್ಟಿದೆ. ಮರಕ್ಕೆ ಕಟ್ಟೋಣವೆಂದರೆ ನಮ್ಮಲ್ಲಿ ಕರಡಿಗಳ ಓಡಾಟ. ನಮ್ಮ ಮನೆಯ ಹೊರಗೋಡೆಗೆ ಒರಗಿದಂತೆ ಇಟ್ಟಿಗೆಯ ದೊಡ್ಡ ಚಿಮ್ನಿ ಇತ್ತು. ಹಳೆಯ ಮಾಲೀಕ ಸೌದೆ ಒಣಗಿರಲೆಂದು ಅದರ ಬುಡದಲ್ಲಿ ಒಂದು ಗೂಡು ಬಿಡಿಸಿದ್ದ. ಮಳೆ ಬೀಳದ, ಪ್ರಾಣಿ ಮುಟ್ಟದ, ಹೊಸ್ತಿಲಿನಾಚೆಯ ಜಾಗ. ಮಡಕೆಯನ್ನು ಅಲ್ಲಿಟ್ಟು, ಮುಂದೆ ತಂತಿಯ ಬಲೆ ಹೊಡೆದೆ. ಅತ್ತೆಗೆ ಫೋಟೋ ಕಳಿಸಿದೆ. "ಸರಿಯಾಗಿದೆ," ಎಂದರು. ಅವರ ಬಾಯಲ್ಲಿ ಅದು ನೂರಕ್ಕೆ ನೂರು ಅಂಕ.

ಆ ಬೇಸಿಗೆಯೆಲ್ಲ ಸಂಜೆ ಹೊತ್ತು ಗೂಡಿನ ಅಂಚಿನಲ್ಲಿ ಎಳ್ಳೆಣ್ಣೆಯ ಹಣತೆ ಹಚ್ಚುತ್ತಿದ್ದೆವು. ಮಗಳು ಹುಲ್ಲಿನ ಮೇಲೆ ಕೂತು ಆ ದಿನದ ಸುದ್ದಿಯೆಲ್ಲ ಮಡಕೆಗೆ ಒಪ್ಪಿಸುತ್ತಿದ್ದಳು. ನನ್ನ ಮೇಲಿನ ಚಾಡಿಯೂ ಅದರಲ್ಲಿ ಇರುತ್ತಿತ್ತು. "ಅಮ್ಮ, ಅಪ್ಪ ಇವತ್ತೂ ಪಾಸ್ತಾನೇ ಮಾಡಿದ." ಎಣ್ಣೆ ತುಳುಕಿ ಅಂಚಿನ ಇಟ್ಟಿಗೆಯೊಂದು ಜಿಡ್ಡುಗಟ್ಟಿ, ಹಣತೆಯ ಮಸಿ ಹತ್ತಿ, ಒಂದು ಕಡೆ ಕಪ್ಪಾಯಿತು. ದುಃಖದ ನಡುವೆಯೂ ಆ ಸಂಜೆಗಳು ಒಂಥರಾ ಸಂಸಾರವೇ ಆಗಿದ್ದವು.

ಆಗಸ್ಟ್‌ನ ಆ ಭಾನುವಾರ ಬೆಳಿಗ್ಗೆ ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. ಮೊದಲು ಸದ್ದು ಬಂತು, ಲಾರಿಯೊಂದು ನೆಲದಡಿಯಲ್ಲಿ ಹೋದ ಹಾಗೆ. ಆಮೇಲೆ ಮನೆಯನ್ನು ಯಾರೋ ಭುಜ ಹಿಡಿದು ಅಲುಗಿಸಿದರು. ಮಗಳನ್ನು ಎತ್ತಿಕೊಂಡು ಓಡುವಾಗ ಬೆನ್ನ ಹಿಂದೆ ದೊಡ್ಡದೇನೋ ಕುಸಿದದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ಚಿಮ್ನಿಯ ಮೇಲರ್ಧ ಕೆಳಗೆ ಬಿದ್ದಿದೆ, ಗೂಡು ಇದ್ದ ಕಡೆ ಇಟ್ಟಿಗೆಯ ಗುಡ್ಡೆ. ಕೆಳಗಿನರ್ಧ ಬಿರುಕುಬಿಟ್ಟು ವಾಲಿಕೊಂಡು ನಿಂತಿತ್ತು.

ನೆಲ ನಿಂತ ಮೇಲೆ ಒಳಗೆ ಹೋಗಿ ಒಲೆ ಆರಿಸಿದೆ. ಕಪಾಟಿನಿಂದ ಎರಡು ತಟ್ಟೆ ಬಿದ್ದು ಒಡೆದಿದ್ದವು. ಅಷ್ಟೇ. ಅವಳ ಬಟ್ಟೆಯ ಬೀರು ಇದ್ದಲ್ಲೇ ಇತ್ತು. ದೇವರ ಗೂಡಿನಲ್ಲಿ ದೀಪ ಕೂಡ ಬಿದ್ದಿರಲಿಲ್ಲ, ಹಚ್ಚಿದ್ದು ಹಚ್ಚಿದ ಹಾಗೇ ಉರಿಯುತ್ತಿತ್ತು. ಅದನ್ನು ನೋಡಿದಾಗ ನನಗೆ ಬಂದ ಸಿಟ್ಟು ದೇವರ ಮೇಲೋ ನನ್ನ ಮೇಲೋ ಇವತ್ತಿಗೂ ಗೊತ್ತಿಲ್ಲ.

ಮನೆಗಳನ್ನು ಪರೀಕ್ಷಿಸಲು ಬಂದ ಹುಡುಗನಂಥ ಇನ್‌ಸ್ಪೆಕ್ಟರ್ ಅಡಿಪಾಯದ ಬಿರುಕು ನೋಡಿ ತಲೆಯಾಡಿಸಿದ. ಚಿಮ್ನಿಯ ಸುತ್ತ ಹಳದಿ ಪಟ್ಟಿ ಕಟ್ಟಿದ. ಗುಡ್ಡೆಯೊಳಗೆ ನನ್ನ ಹೆಂಡತಿಯ ಬೂದಿ ಇದೆ ಎಂದೆ. ಅವನು ಟೋಪಿ ತೆಗೆದು, ವಾಲಿರುವ ಭಾಗವನ್ನು ಇಳಿಸುವ ತನಕ ದಯವಿಟ್ಟು ಹತ್ತಿರ ಹೋಗಬೇಡಿ, ಚಿಕ್ಕ ಮಗಳಿದ್ದಾಳೆ ನಿಮಗೆ ಎಂದ. ಅವನ ಮಾತು ಸರಿಯಾಗಿಯೇ ಇತ್ತು. ನೆಲ ಆಗಾಗ ನಡುಗುತ್ತಲೇ ಇತ್ತು. ಪಟ್ಟಿಯ ಈಚೆ ನಿಂತು ನೋಡಿದರೆ ಇಟ್ಟಿಗೆಗಳ ಸಂದಿಯಲ್ಲಿ ಪಂಚೆಯ ಬಿಳಿ ಅಂಚು ಕಾಣುತ್ತಿತ್ತು.

ಮಗಳು ಸೂರಿನಡಿ ಮಲಗಲು ಒಪ್ಪಲಿಲ್ಲ. ಕಾರಿನಲ್ಲಿ ಶೂ ಹಾಕಿಕೊಂಡೇ ಮಲಗುತ್ತಿದ್ದಳು. ಆ ವಾರಾಂತ್ಯ ಅವಳನ್ನು ಮಾರಿಸ್‌ವಿಲ್‌ಗೆ ಕರೆದುಕೊಂಡು ಹೋದೆ. ಸ್ನೇಹಿತನ ಹೆಂಡತಿ ಕೊರೊನಾ ಗಿರೊನಾ ಎಲ್ಲ ಮರೆತು ನಮ್ಮಿಬ್ಬರಿಗೂ ಕೈತುತ್ತು ಹಾಕಿದಳು. ಮಗಳು ಅವತ್ತು ಹಾಸಿಗೆಯಲ್ಲಿ ಮಲಗಿದಳು.

ಸೋಮವಾರ ವಾಪಸ್ ಬಂದಾಗ ಅಂಗಳ ಗುಡಿಸಿದ ಹಾಗಿತ್ತು. ಗುಡ್ಡೆ ಇಲ್ಲ, ವಾಲಿದ ಚಿಮ್ನಿ ಇಲ್ಲ, ಹಳದಿ ಪಟ್ಟಿಯನ್ನು ಕೂಡ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದಾರೆ. ಗೋಡೆಯಲ್ಲಿದ್ದ ತೂತಿಗೆ ನೀಲಿ ಟಾರ್ಪಾಲು ಹೊಡೆದಿದ್ದಾರೆ. ಬಾಗಿಲ ಬಳಿ ಸೇಬು ತುಂಬಿ ಬೇಯಿಸಿದ ಪೈ, ಮೇಲೆ ಬಟ್ಟೆ ಮುಚ್ಚಿತ್ತು. ಚರ್ಚಿನ ಮುದುಕರು ಟ್ರಕ್ಕು, ಯಂತ್ರ ಎಲ್ಲ ತಂದು ಮಾಡಿಕೊಟ್ಟು ಹೋಗಿದ್ದರು. ಒಂದು ಪೈಸೆ ಕೇಳದೆ. ಪೈ ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡು ನಾನು ಅಂಗಳದ ನಡುವೆ ಕೂತುಬಿಟ್ಟೆ.

ಪಕ್ಕದ ಮನೆಯ ಮುದುಕ ಓಡಿಬಂದ. ಕೋಳಿ ತಂದುಕೊಟ್ಟಿದ್ದವನು ಅವನೇ. ಕೆಲಸ ಚೆನ್ನಾಗಿ ಆಗಿದೆಯಾ ಎಂದು ಕೇಳಲು ಬಂದವನಿಗೆ ವಿಷಯ ಹೇಳಿದೆ. ನಾವು ಸಂಜೆ ದೀಪ ಹಚ್ಚುವುದನ್ನು ಅವನು ನೋಡಿದ್ದ, ನಮ್ಮ ದೇವರಿರಬೇಕೆಂದುಕೊಂಡು ಕೇಳಲು ಸಂಕೋಚಪಟ್ಟಿದ್ದ. ಅವನ ಮುಖ ಸುಣ್ಣದಂತಾಯಿತು.

"ಊರಲ್ಲೆಲ್ಲ ಮೊದಲು ಡಾಕ್ಟರ್ ಮನೆಯದನ್ನೇ ತೆಗೆಯೋಣ ಎಂದು ಹೇಳಿದವನು ನಾನು," ಎಂದ. "ಅವಳ ಗಂಡ ಬರುವಷ್ಟರಲ್ಲಿ ಮುಗಿಸಬೇಕು ಎಂದೆ. ಗೊತ್ತಿದ್ದರೆ ಚಮಚದಲ್ಲಿ ಬಳಿದು ಕೊಡುತ್ತಿದ್ದೆನಪ್ಪ."

ಕಸವೆಲ್ಲ ಹೊಳೆದಂಡೆಯ ಒಂದು ಜಮೀನಿಗೆ ಹೋಗಿತ್ತು. ಮಳೆಗೆ ಕೊಚ್ಚಿಹೋಗಿದ್ದ ದಾರಿಯನ್ನು ತುಂಬಿಸಲು ರೈತ ಇಟ್ಟಿಗೆ ಚೂರು ಕೇಳಿದ್ದನಂತೆ. ಹೋಗಿ ನೋಡಿದೆವು. ನಮ್ಮದೊಂದೇ ಅಲ್ಲ, ನಮ್ಮದಾದ ಮೇಲೆ ಕೆಡವಿದ ಊರಿನ ಎಷ್ಟೋ ಚಿಮ್ನಿಗಳು ಅಲ್ಲಿದ್ದವು, ರೋಲರ್ ಓಡಿಸಿ ಆಗಿತ್ತು. ಯಾರ ಮನೆಯ ಇಟ್ಟಿಗೆ ಯಾವುದೆಂದು ಹೇಳುವಂತಿರಲಿಲ್ಲ.

ಆದರೂ ಹುಡುಕಿದೆವು. ನಾನು ಅಡುಗೆಮನೆಯ ಹಿಟ್ಟಿನ ಜರಡಿ ತೆಗೆದುಕೊಂಡು ಹೋದೆ. ಮುಂದಿನ ಭಾನುವಾರ ಪ್ರಾರ್ಥನೆ ಮುಗಿಸಿ ಆ ಮುದುಕರೆಲ್ಲ ಬಂದರು, ತಮ್ಮ ತಮ್ಮ ಹೆಂಡಿರ ಜರಡಿಗಳ ಜೊತೆ. ಮಾಸ್ಕ್ ಹಾಕಿಕೊಂಡು, ಮಂಡಿಯೂರಿ, ಮಣ್ಣು ಜಾಲಿಸಿದರು. ಮಂಡಿ ನೋವಿಗೆ ಅವಳ ಹತ್ತಿರವೇ ಮದ್ದು ತೆಗೆದುಕೊಂಡವರು. ಬಿಳಿಯದೇನು ಕಂಡರೂ ಅಂಗೈಯಲ್ಲಿಟ್ಟುಕೊಂಡು ನನ್ನ ಬಳಿ ತರುತ್ತಿದ್ದರು. ಗಾರೆ, ಸುಣ್ಣ, ಗಾರೆ. ಇದಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಮಗಳು ಮಾತ್ರ ಬೂದಿ ಹುಡುಕಲಿಲ್ಲ. ಇಟ್ಟಿಗೆಗಳನ್ನು ಒಂದೊಂದೇ ತಿರುಗಿಸಿ ಮೂಸಿ ನೋಡುತ್ತಿದ್ದಳು. ಕೊನೆಗೆ ಒಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಒಂದು ಕಡೆ ಎಣ್ಣೆಯ ಜಿಡ್ಡು, ಮಸಿ. "ಅಪ್ಪ, ಇದು ನಮ್ದು. ದೀಪದ ಬ್ರಿಕ್." ಸಿಕ್ಕಿದ್ದು ಅದೊಂದೇ. ಚಳಿಗಾಲಕ್ಕೆ ಮೊದಲು ಆ ದಾರಿಗೆ ಜಲ್ಲಿ ಬಿತ್ತು.

ಅತ್ತೆಗೆ ಹೇಗೆ ಹೇಳಲಿ? ವಿಮಾನ ಶುರುವಾಗಲಿ, ಎದುರು ಕೂತೇ ಹೇಳುತ್ತೇನೆ ಎಂದು ದಿನ ತಳ್ಳಿದೆ. ಆದರೆ ಮಕ್ಕಳಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ? ಒಂದು ದಿನ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಊಟ ಆಯ್ತಾ ಎಂದು ಕೇಳಿದರೆ ಇವಳು, "ಅಜ್ಜಿ, ಅಮ್ಮ ರೋಡ್ ಒಳಗೆ ಇದಾಳೆ," ಎಂದಳು. ಅಷ್ಟು ಹೇಳಿ ಸೈಕಲ್ ಹತ್ತಿ ಹೋದಳು. ಉಳಿದದ್ದನ್ನು ನಾನು ಹೇಳಬೇಕಾಯಿತು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಮನೆ ಒಳಗೆ ಏನೇನು ಒಡೀತು?"

ಅವರು ಯಾವ ಲೆಕ್ಕ ಹಾಕುತ್ತಿದ್ದಾರೆಂದು ನನಗೆ ತಕ್ಷಣ ಹೊಳೆಯಿತು. "ಎಲ್ಲಾ ಹೋಯ್ತು ಅತ್ತೆ," ಎಂದೆ. "ಒಂದು ಪಾತ್ರೆ ಉಳೀಲಿಲ್ಲ. ಒಳಗಿಟ್ಟಿದ್ರೂ ಸಿಗ್ತಿರ್ಲಿಲ್ಲ."

"ಹೌದಾ," ಎಂದು ಫೋನ್ ಇಟ್ಟರು.

ಪುರೋಹಿತರಿಗೂ ಹೇಳಿದೆ. ಆ ಹೊಳೆ ಯಾವ ಕಡೆ ಹರಿಯುತ್ತದೆ ಎಂದು ಕೇಳಿದರು. ನ್ಯೂ ರಿವರ್ ಉತ್ತರಕ್ಕೆ ಹರಿಯುತ್ತದೆ ಎಂದೆ. ಅವರಿಗೆ ಸಂತೋಷವೇ ಆಯಿತು. "ಉತ್ತರವಾಹಿನಿ ದಡ! ಕೊರಗ್ಬೇಡಿ, ಅವರಿಗೆ ಸದ್ಗತಿನೇ." ಅದನ್ನು ಅತ್ತೆಗೆ ದಾಟಿಸಿದೆ. "ಅವಳಿಗೆ ಸದ್ಗತಿ ಸಿಕ್ಕಿರತ್ತೆ, ನನಗೇನು ಅನುಮಾನ ಇಲ್ಲ," ಎಂದರು. "ನನಗೆ ಮುಟ್ಟಕ್ಕೆ ಒಂದು ಚೂರೂ ಸಿಗ್ಲಿಲ್ಲ, ಅಷ್ಟೇ."

ಊರು ಚೇತರಿಸಿಕೊಳ್ಳುತ್ತಾ ಬಂತು. ಮುರಿದ ಚಿಮ್ನಿಗಳ ಜಾಗದಲ್ಲಿ ತಗಡಿನ ಕೊಳವೆಗಳು ಎದ್ದವು. ಎದುರಾದವರು ಹೇಗಿದ್ದೀರಿ ಎನ್ನುವ ಬದಲು ನಿಮ್ಮ ಫೌಂಡೇಶನ್ ಹೇಗಿದೆ ಎಂದು ಕೇಳುವುದು ರೂಢಿಯಾಯಿತು. ನಮ್ಮ ಮನೆಗೂ ಉಕ್ಕಿನ ಕಂಬ ಕೊಟ್ಟು ಎತ್ತಿ ನಿಲ್ಲಿಸಿದರು, ಬಾಗಿಲುಗಳು ಮತ್ತೆ ಸರಿಯಾಗಿ ಮುಚ್ಚತೊಡಗಿದವು. ಮಗಳು ಶೂ ಬಿಚ್ಚಿ ಮಲಗಲು ಕಲಿತಳು. ಎಲ್ಲರೂ ಸುಧಾರಿಸಿದರು, ನಾನು ಮಾತ್ರ ಆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಹೋಗುವುದನ್ನು ನೋಡಲಾರದೆ ಸುತ್ತುಬಳಸಿ ಡ್ರೈವ್ ಮಾಡುತ್ತಿದ್ದೆ. ಈಗಲೂ ಹಾಗೇ ಮಾಡುತ್ತೇನೆ.

2022ರಲ್ಲಿ ಕೊನೆಗೂ ಹೊರಟೆವು. ಬೆಂಗಳೂರಿನಿಂದ ನೇರ ಶ್ರೀರಂಗಪಟ್ಟಣಕ್ಕೇ ಬನ್ನಿ, ಕರ್ಮ ಮುಗಿಸಿಕೊಂಡೇ ಮನೆಗೆ ಹೋಗೋಣ ಎಂದಿದ್ದರು ಭಾವ. ಅತ್ತೆ ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಎರಡು ವರ್ಷದಲ್ಲಿ ಅರ್ಧ ಆಗಿದ್ದರು. ಮಗಳು ಓಡಿಹೋಗಿ ತಬ್ಬಿಕೊಂಡಳು. ಆಮೇಲೆ ತನ್ನ ಬ್ಯಾಗಿನಿಂದ ಅವಳಮ್ಮನ ಆಸ್ಪತ್ರೆಯ ನೀಲಿ ಅಂಗಿಯಲ್ಲಿ ಸುತ್ತಿದ್ದ ಇಟ್ಟಿಗೆಯನ್ನು ತೆಗೆದು ಅಜ್ಜಿಯ ಮಡಿಲಲ್ಲಿಟ್ಟಳು.

"ಅಮ್ಮ ಇದರ ಪಕ್ಕ ಇದ್ಲು ಅಜ್ಜಿ."

ಅತ್ತೆ ಆ ಎಣ್ಣೆಯ ಕಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಅಸ್ಥಿ ಇಲ್ಲದವರಿಗೆ ಮಾಡುವಂತೆ ಭಟ್ಟರು ದರ್ಭೆಯಲ್ಲಿ ಅವಳ ಆಕಾರ ಕಟ್ಟಿ, ಮಂತ್ರ ಹೇಳಿ, ನನ್ನ ಕೈಯಿಂದ ನೀರಿಗೆ ಬಿಡಿಸಿದರು. ಹುಲ್ಲಿನ ಗೊಂಬೆ ತಿರುಗುತ್ತಾ ಹೋಯಿತು. ಅದರಲ್ಲಿ ಅವಳಿಲ್ಲವೆಂದು ನಮಗೆಲ್ಲರಿಗೂ ಗೊತ್ತಿತ್ತು. "ಆ ಇಟ್ಟಿಗೆನೂ ಬಿಟ್ಬಿಡಿ ಅಮ್ಮ," ಎಂದರು ಭಟ್ಟರು.

ಅತ್ತೆ ನನ್ನ ಕಡೆ ತಿರುಗಿದರು. "ಇದ್ರಲ್ಲಿ ಅವಳು ಇದ್ದಾಳಾ?"

"ಗೊತ್ತಿಲ್ಲ ಅತ್ತೆ."

"ಒಳಗಿಟ್ಟಿದ್ರೂ ಉಳೀತಿರ್ಲಿಲ್ಲ ಅಂದ್ರಲ್ಲ. ನಿಜ ತಾನೆ?"

"ನಿಜ. ಒಳಗೆ ಎಲ್ಲಾ ಒಡೆದುಹೋಗಿತ್ತು."

"ನೋ ಅಪ್ಪ," ಎಂದಳು ಮಗಳು. ನನಗೆ ಮರೆತುಹೋಗಿದೆ ಎಂದುಕೊಂಡು ನೆನಪಿಸುವವಳ ಹಾಗೆ. "ಎರಡು ಪ್ಲೇಟ್ ಅಷ್ಟೇ. ಒಳಗೆ ಏನೂ ಆಗಿಲ್ಲ ಅಜ್ಜಿ. ದೇವರ ದೀಪ ಕೂಡ ಬಿದ್ದಿಲ್ಲ."

ಅತ್ತೆ ಅಳಲಿಲ್ಲ. ನನ್ನನ್ನು ಒಮ್ಮೆ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಇಟ್ಟಿಗೆಯನ್ನು ಮತ್ತೆ ಆ ನೀಲಿ ಅಂಗಿಯಲ್ಲಿ ಸುತ್ತಿಕೊಂಡು ಎದ್ದರು.

ಮೈಸೂರಿನವರೆಗೂ ಅದು ಅವರ ಮಡಿಲಲ್ಲೇ ಇತ್ತು. ರಸ್ತೆಯ ಉಬ್ಬು ಬಂದಾಗಲೆಲ್ಲ ಅಂಗೈ ಅಡ್ಡವಿಡುತ್ತಿದ್ದರು. ಮನೆ ಮುಂದೆ ಇಳಿದಾಗ ಭಾವನ ಹೆಂಡತಿ ಕಾಲು ತೊಳೆಯಲು ನೀರು ಹಿಡಿದು ನಿಂತಿದ್ದರು. ಅತ್ತೆಯ ಕೈಯಲ್ಲಿದ್ದುದನ್ನು ನೋಡಿ ಗಾಬರಿಯಾದರು.

"ಅಮ್ಮ, ಅದನ್ನ ಒಳಗೆ ತರಬಾರ್ದು ಅಲ್ವಾ? ತುಳಸಿ ಹತ್ರ ಇಟ್ಟುಬಿಡಿ."

"ಹೊರಗಿಟ್ಟಿದ್ದು ಸಾಕು," ಎಂದರು ಅತ್ತೆ. ಸೆರಗು ಹೊದಿಸಿ ಅದನ್ನು ಎದೆಗವಚಿಕೊಂಡು, ಬಲಗಾಲಿಟ್ಟು ಹೊಸ್ತಿಲು ದಾಟಿದರು. ನಾನು ಭಾವನ ಹೆಂಡತಿ ಕೈಗಿತ್ತ ನೀರಿನ ಚೊಂಬು ಹಿಡಿದುಕೊಂಡು ಹೊರಗೇ ಅಳುತ್ತಾ ನಿಂತಿದ್ದೆ.